ಉರಿದರೂ ಕಾಣದ ದೀಪ

ಅನುಮಾನ ನನಗೆ ಹಸಿವಿನ ಹಾಗೆ, ಹೊತ್ತು ಹೊತ್ತಿಗೆ ಆಗುತ್ತದೆ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ವಾಪಸು ಬಂದು ಬೀಗವನ್ನು ಜಗ್ಗಿ ನೋಡುತ್ತೇನೆ. ಜಗ್ಗಿದ್ದರಿಂದಲೇ ಸಡಿಲವಾಯಿತೇನೋ ಎಂದು ಇನ್ನೊಮ್ಮೆ ಜಗ್ಗುತ್ತೇನೆ. ಇದು ಹುಟ್ಟುಗುಣವಲ್ಲ, ಕಸುಬಿನಿಂದ ಅಂಟಿದ್ದು ಎಂಬುದು ನನ್ನ ವಾದ. ನಾನು ರಾಮನಗರದಲ್ಲಿ ರೇಷ್ಮೆ ಗೂಡು ಕೊಂಡು, ಬೇಯಿಸಿ, ನೂಲು ಬಿಚ್ಚುವವನು. ಕಸುಬು ಕಲಿಸಿದ ದೊಡ್ಡಪ್ಪ ಮಾರುಕಟ್ಟೆಗೆ ಕರೆದುಕೊಂಡು ಹೋದ ಮೊದಲ ದಿನವೇ ಹೇಳಿದ್ದರು: "ಮೇಲ್ಗಡೆ ಗೂಡು ನೋಡಬ್ಯಾಡ ಕಣ್ಲಾ, ಅದು ನಿಂಗೆ ತೋರ್ಸಕ್ಕೆ ಅಂತ್ಲೇ ಮಡಗಿರೋದು. ಕೈ ತಳಕ್ಕೆ ಹಾಕು." ತಳದಿಂದ ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಬೇಕು. ಒಳಗಿನ ಹುಳು ಲೊಟಲೊಟ ಎಂದರೆ ಗೂಡು ಒಳ್ಳೆಯದು. ಸದ್ದಿಲ್ಲದಿದ್ದರೆ ಹುಳು ಒಳಗೇ ಸತ್ತು ಅಂಟಿಕೊಂಡಿದೆ ಎಂದರ್ಥ. ಈಗ ಹರಾಜು ಮೊಬೈಲಿನಲ್ಲಿ ನಡೆಯುತ್ತದೆ, ಆದರೆ ತಳಕ್ಕೆ ಕೈ ಹಾಕುವ ಕೆಲಸವನ್ನು ಮೊಬೈಲು ಇನ್ನೂ ಕಲಿತಿಲ್ಲ. ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಹೆಣ್ಣು ನೋಡಲು ಹೋದಾಗ ಕೊಟ್ಟ ಉಪ್ಪಿಟ್ಟನ್ನು ನಾನು ಚಮಚದಲ್ಲಿ ಎತ್ತಿ ತಳ ನೋಡಿದೆನಂತೆ. ನನಗೆ ನೆನಪಿಲ್ಲ. ನನ್ನ ಹೆಂಡತಿ ಜಯಳಿಗೆ ಮಾತ್ರ ಇವತ್ತಿಗೂ ನೆನಪಿದೆ.

ಇಂಥ ನನ್ನ ಮನೆಗೆ ಜಯಳ ತಮ್ಮ ಪುಟ್ಟರಾಜು ಒಂದು ಜೊತೆ ಗನ್ನು ತಂದಿಟ್ಟ. ಗಾಬರಿಯಾಗಬೇಡಿ, ಪ್ಲಾಸ್ಟಿಕ್ಕಿನವು. ವಿಡಿಯೊ ಗೇಮಿನ ಅಂಗಡಿಗಳಲ್ಲಿ ಟಿವಿಯ ಕಡೆ ಗುರಿಯಿಟ್ಟು ಢಂ ಎನ್ನಿಸುತ್ತಿದ್ದೆವಲ್ಲ, ಅಂಥವು. ಪುಟ್ಟರಾಜುವಿಗೆ ಮಾಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಿದೆ. ಯಾರೋ ಬೇಡವೆಂದು ಕೊಟ್ಟ ಈ ಗನ್ನುಗಳನ್ನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ, ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿ, ಸಾಲಾಗಿ ನಿಂತ ಬಾಟಲಿಗಳನ್ನು ಒಡೆಯುವ ಆಟವೊಂದನ್ನು ಹಾಕಿಕೊಟ್ಟ. ಆದರೆ ಒಂದು ಸಾಮಾನು ಕಳೆದುಹೋಗಿತ್ತು. "ಗನ್ನಿಂದ ಏನೂ ಹಾರಲ್ಲ ಭಾವ. ಅದ್ರ ಮೂತೀಲಿ ಒಂದು ಕಣ್ಣೈತೆ. ಟಿವಿ ಹತ್ರ ಎಡಕ್ಕೊಂದು ಬಲಕ್ಕೊಂದು ಬೆಳಕು ಮಡಗಿದ್ರೆ, ಅವೆರಡನ್ನ ನೋಡ್ಕಂಡು ತಾನು ಎಲ್ಲಿಗೆ ಗುರಿಯಿಟ್ಟಿವ್ನಿ ಅಂತ ಲೆಕ್ಕ ಹಾಕ್ತದೆ. ಆ ಬೆಳಕಿನ ಪಟ್ಟಿಗೆ ಸೆನ್ಸರ್ ಬಾರ್ ಅಂತಾರೆ. ಅದೇ ಇಲ್ಲ. ಮನೇಲೇ ಮಾಡ್ಕಬೋದು, ಎರಡು ಗುಂಪು ಎಲ್‌ಇಡಿ ಅಷ್ಟೆ" ಎಂದ. ಹೊರಡುವಾಗ ಒಂದು ಷರತ್ತನ್ನೂ ಹಾಕಿದ. "ಭಾನುವಾರ ಬತ್ತೀನಿ. ನೀವು ಬಾರ್ ಮಾಡಿದ್ರೆ ಗನ್ನು ನಿಮ್ದೇ. ಇಲ್ದಿದ್ರೆ ಕನಕಪುರದ ನನ್ನ ಫ್ರೆಂಡ್ ಕೇಳ್ತಾವ್ನೆ, ಎತ್ಕೊಂಡೋಯ್ತೀನಿ."

ಷರತ್ತು ಕೇಳಿದ ಮೇಲೆ ಗನ್ನಿನ ಮೇಲೆ ನನಗೆ ಮೋಹ ಇನ್ನೂ ಹೆಚ್ಚಾಯಿತು. ದಿನವಿಡೀ ಕುದಿಯುವ ಗೂಡಿನ ಹಬೆಯಲ್ಲಿ ನಿಂತು ಬಂದವನಿಗೆ ಸಾಯಂಕಾಲ ನಾಲ್ಕು ಬಾಟಲಿ ಒಡೆಯುವ ಸುಖ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ನಾನಿನ್ನೂ ಅನುಭವಿಸಿರಲಿಲ್ಲ, ಆದರೂ ಗೊತ್ತಿತ್ತು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಪುಟ್ಟ ಪುಟ್ಟ ಬಲ್ಬುಗಳ ಪೊಟ್ಟಣ ಕೊಟ್ಟು, "ಇನ್‌ಫ್ರಾರೆಡ್ಡು ಸಾರ್. ಉರೀತದೆ, ಆದ್ರೆ ಕಣ್ಣಿಗೆ ಕಾಣಕಿಲ್ಲ" ಎಂದ.

"ಕಾಣ್ದಿದ್ರೆ ಉರಿಯೋದು ಹೆಂಗಪ್ಪ ಗೊತ್ತಾಗೋದು?"

"ಗನ್ನಿಗೆ ಗೊತ್ತಾಯ್ತದಲ್ಲ ಸಾರ್."

ಜೀವನದಲ್ಲಿ ನಾನು ಎಷ್ಟೋ ಬಗೆಯ ವ್ಯಾಪಾರಸ್ಥರನ್ನು ಕಂಡಿದ್ದೇನೆ. ಮಾಲು ಕೆಲಸ ಮಾಡುತ್ತದೆ ಆದರೆ ಮಾಡುವುದು ಕಾಣುವುದಿಲ್ಲ ಎಂದು ಮುಖ ನೋಡಿಕೊಂಡೇ ಹೇಳಿದವನನ್ನು ಕಂಡದ್ದು ಅದೇ ಮೊದಲು. ಪೊಟ್ಟಣದ ತಳದಿಂದ ಒಂದು ಬಲ್ಬು ತೆಗೆದು, ಅಭ್ಯಾಸಬಲದಿಂದ ಕಿವಿಯ ಹತ್ತಿರ ಅಲ್ಲಾಡಿಸಿದೆ. ನನ್ನ ಹಿಂದೆ ನಿಂತಿದ್ದ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ.

ಮನೆಗೆ ಬಂದು ಪೊಟ್ಟಣವನ್ನು ಮೊರಕ್ಕೆ ಸುರಿದಾಗ ಅನುಮಾನ ನಿಜವಾಯಿತು. ಪ್ರತಿಯೊಂದು ಬಲ್ಬಿಗೂ ಎರಡೆರಡು ತಂತಿಯ ಕಾಲು. ಒಂದು ಉದ್ದ, ಒಂದು ಗಿಡ್ಡ. ಒಂದೆರಡರಲ್ಲಿ ಹಾಗಿದ್ದರೆ ಹೋಗಲಿ ಎನ್ನಬಹುದು, ಎಲ್ಲವೂ ಹಾಗೆಯೇ. ಅಳತೆ ತಪ್ಪಿದ ಎರಡನೇ ದರ್ಜೆಯ ಮಾಲನ್ನು ನನ್ನ ತಲೆಗೆ ಕಟ್ಟಿದ್ದಾನೆ. ನೂಲಿನ ಎಳೆ ಒಂದು ದಪ್ಪ ಒಂದು ತೆಳ್ಳಗೆ ಬಂದರೆ ನನ್ನ ಮುಖಕ್ಕೆ ಎಸೆಯುವವರು ನೆನಪಾದರು. ವಾಪಸು ಕೊಡಲು ಹೋದರೆ ಜಗಳ, ಜಗಳವಾದರೆ ಭಾನುವಾರ ಕೈತಪ್ಪುತ್ತದೆ. ಆದ್ದರಿಂದ ಕತ್ತರಿ ತಂದು ಎಲ್ಲ ಕಾಲುಗಳನ್ನೂ ಒಂದೇ ಅಳತೆಗೆ ಕತ್ತರಿಸಿದೆ. ಜೋಡಿಸಿಟ್ಟಾಗ ಸಮವಸ್ತ್ರದ ಮಕ್ಕಳಂತೆ ಕಂಡವು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಗೆಳೆಯನೊಬ್ಬ ಕೆಂಪು ಅರಗಿನ ಬಣ್ಣ ಹಾಕಿದ ಚೆಂದದ ಮರದ ಪಟ್ಟಿಯೊಂದನ್ನು ಮಾಡಿಕೊಟ್ಟ. ಅದರ ಎರಡು ತುದಿಗೂ ಬಲ್ಬುಗಳನ್ನು ಕೂರಿಸಿ, ಬೆಸುಗೆ ಹಾಕಿ, ಹಳೆಯ ಮೊಬೈಲ್ ಚಾರ್ಜರಿನ ತಂತಿ ಸೇರಿಸಿ, ಟಿವಿಯ ನೆತ್ತಿಯ ಮೇಲೆ ಇಟ್ಟೆ. ಸ್ವಿಚ್ಚು ಒತ್ತಿದೆ. ಏನೂ ಕಾಣಲಿಲ್ಲ. ಕಾಣುವುದಿಲ್ಲ ಎಂದು ಅಂಗಡಿಯವನು ಹೇಳಿದ್ದು ಸರಿಯಾಗಿಯೇ ಇತ್ತು.

ಅಂದು ಸಾಯಂಕಾಲ ಗನ್ನು ಹಿಡಿದು ನಿಂತೆ. ಟಿವಿಯೊಳಗಿನ ಕೆಂಪು ಚುಕ್ಕೆ ನನ್ನ ಕೈ ಹೋದಲ್ಲೆಲ್ಲ ಹೋಯಿತು. ಗನ್ನಿನ ಕುದುರೆ ಒತ್ತಿದರೆ ಬಾಟಲಿ ಚೂರುಚೂರು. ತಕ್ಷಣ ಪುಟ್ಟರಾಜುವಿಗೆ ಫೋನು ಮಾಡಿ, ನಿನ್ನ ಕನಕಪುರದ ಫ್ರೆಂಡಿಗೆ ಬೇರೆ ಏನಾದರೂ ಹುಡುಕು ಎಂದೆ. "ಪರ್ವಾಗಿಲ್ವೇ ಭಾವ" ಎಂದ. ಅವನ ದನಿಯಲ್ಲಿ ನಂಬಿಕೆ ಇರಲಿಲ್ಲ, ಅದು ನನಗೆ ಇನ್ನಷ್ಟು ಖುಷಿ ಕೊಟ್ಟಿತು.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದವನು ಎರಡು ಬಾಟಲಿ ಒಡೆಯೋಣವೆಂದು ಗನ್ನು ಎತ್ತಿದರೆ ಚುಕ್ಕೆಯೇ ಇಲ್ಲ. ಸಾಯಂಕಾಲ ನೋಡಿದರೆ ಸರಿಯಾಗಿದೆ. ಮತ್ತೊಂದು ದಿನ ಬೆಳಿಗ್ಗೆ ಇಲ್ಲ, ಸಾಯಂಕಾಲ ಇದೆ. ಬಿಸಿಲಿನ ಮೇಲೆ ಅನುಮಾನಪಟ್ಟು ಕಿಟಕಿಗಳಿಗೆ ಕಂಬಳಿ ಕಟ್ಟಿದೆ. ಕರೆಂಟಿನ ಮೇಲೆ ಅನುಮಾನಪಟ್ಟು ನೂಲು ಸುತ್ತುವ ಮೋಟಾರನ್ನು ಅರ್ಧ ಗಂಟೆ ನಿಲ್ಲಿಸಿದೆ. ಪಕ್ಕದ ಮನೆಯವರ ಹೊಸ ವೈಫೈ ಮೇಲೆ ಅನುಮಾನಪಟ್ಟು ಅವರ ಕಾಂಪೌಂಡಿನ ಮೇಲೆ ಇಣುಕುತ್ತಿದ್ದಾಗ ಆ ಮನೆಯಾಕೆ ಬಂದು, "ಏನ್ ಬೇಕಾಗಿತ್ತಣ್ಣ?" ಎಂದು ಕೇಳಿದರು. ಕರಿಬೇವು ಎಂದೆ. ಕೊಟ್ಟರು. ಕರಿಬೇವು ಹಿಡಿದು ಒಳಗೆ ಬಂದವನಿಗೆ ಅನುಮಾನಪಡಲು ಉಳಿದಿದ್ದ ಒಬ್ಬಳೇ ಒಬ್ಬಳು ಕಂಡಳು.

"ನಾನು ಇಲ್ದಾಗ ಆ ಬಾರಿನ ಪ್ಲಗ್ಗು ಏನಾದ್ರೂ ಕಿತ್ತಿದ್ಯಾ?" ಎಂದೆ.

"ಅದಕ್ಕೆ ದೂಳು ಹೊಡಿಯೋಕೂ ನಂಗೆ ಬುಡುವಿಲ್ಲ" ಎಂದಳು ಜಯ. "ನನ್ ಮೇಲೂ ಬಂತಾ? ಇಷ್ಟು ದಿವ್ಸ ಯಾಕೆ ಬಂದಿಲ್ಲ ಅಂತ ನೋಡ್ತಿದ್ದೆ."

ಶನಿವಾರ ಬಂತು. ಸಾಯಂಕಾಲದ ಆಟದಲ್ಲೂ ಒಂದು ಐಬು ಕಂಡಿತು. ಫ್ಯಾನು ಜೋರಾಗಿ ತಿರುಗಿದರೆ ಚುಕ್ಕೆ ನಡುಗುತ್ತಿತ್ತು. ಪುಟ್ಟರಾಜುವನ್ನು ಫೋನಿನಲ್ಲಿ ಹಗುರವಾಗಿ, ಬೇರೆ ಯಾರದೋ ಸಮಸ್ಯೆ ಎಂಬಂತೆ ಕೇಳಿದೆ. "ಎದುರ್ಗಡೆ ಏನಾರ ಉರೀತಾ ಐತಾ ಭಾವ? ಬೆಂಕಿ, ಕ್ಯಾಂಡಲ್ಲು? ಅದ್ರಲ್ಲೂ ಅದೇ ಬೆಳಕಿರ್ತದೆ. ಗನ್ನು ಮೋಸ ಹೋಯ್ತದೆ" ಎಂದ. ನಾನು ಫೋನು ಹಿಡಿದುಕೊಂಡೇ ತಲೆಯೆತ್ತಿ ನೋಡಿದೆ. ಟಿವಿಯ ಮೇಲಿನ ಹಲಗೆಯ ಎರಡು ತುದಿಯಲ್ಲಿ ಎರಡು ಹಿತ್ತಾಳೆ ದೀಪ ಫ್ಯಾನಿನ ಗಾಳಿಗೆ ಓಲಾಡುತ್ತ ಉರಿಯುತ್ತಿದ್ದವು.

ದೇವರು ಟಿವಿಯ ಮೇಲೆ ಯಾಕಿದ್ದಾನೆಂದು ಹೇಳಬೇಕು. ನಮ್ಮಲ್ಲಿ ಮೊದಲು ದೇವರಿಗೆ ಪ್ರತ್ಯೇಕ ಕೋಣೆಯೇ ಇತ್ತು. ಅದು ಗೂಡು ಬೇಯಿಸುವ ಶೆಡ್ಡಿಗೆ ಅಂಟಿಕೊಂಡಿದೆ. ಬೆಂದ ಹುಳುವಿನ ವಾಸನೆ ಅನುಭವವಿಲ್ಲದವರಿಗೆ ವರ್ಣಿಸಿ ಪ್ರಯೋಜನವಿಲ್ಲ. ಊದಿನಕಡ್ಡಿಯನ್ನೂ ಅದು ಗೆದ್ದುಬಿಡುತ್ತಿತ್ತು. ಹಾಗಾಗಿ ಜಯ ಮನೆದೇವರ ಅಗಲವಾದ ಪಟವನ್ನು ಹಾಲಿಗೆ ತಂದು, ತನ್ನ ತಾಯಿ ಕೊಟ್ಟ ದೀಪಗಳನ್ನು ಅದರ ಎರಡು ಪಕ್ಕಕ್ಕೆ ಇಟ್ಟು, ಪ್ರತಿ ಸಾಯಂಕಾಲ ಹಚ್ಚುತ್ತಾಳೆ. ಈಗ ನಾನು ಆ ದೀಪಗಳ ಕಡೆ ಬೆರಳು ತೋರಿಸಿ, "ಇವೇ ನನ್ ಬಾರಿಗೆ ಅಡ್ಡ ಬರ್ತಿರೋದು. ಒಳಗೆ ಎತ್ತಿಡು" ಎಂದೆ.

"ದೇವ್ರ ದೀಪ ನಿಮ್ ಬಂದೂಕಕ್ಕೆ ಅಡ್ಡ ಬಂತಾ?"

"ನಾನ್ ಹೇಳ್ತಿರೋದಲ್ಲ, ನಿನ್ನ ತಮ್ಮನೇ ಹೇಳ್ದ."

"ಎತ್ತಿಡ್ತೀನಿ. ಆಮೇಲೆ ನೀವಾಗೇ ಬಂದು ವಾಪಸ್ ಮಡಗು ಅನ್ನಬಾರ್ದು" ಎಂದು ದೇವರಿಗೆ ಕೈ ಮುಗಿದು, ಪಟವನ್ನೂ ದೀಪಗಳನ್ನೂ ಅಡುಗೆಮನೆಗೆ ಸಾಗಿಸಿದಳು.

ನಾನು ಗನ್ನು ಎತ್ತಿದೆ. ಚುಕ್ಕೆ ಸತ್ತುಹೋಗಿತ್ತು. ನಡುಗುವುದೂ ಇಲ್ಲ, ಓಡುವುದೂ ಇಲ್ಲ, ಇಲ್ಲವೇ ಇಲ್ಲ. ಮತ್ತೆ ಪುಟ್ಟರಾಜುವಿಗೆ ಫೋನು ಮಾಡಿ, ಆ ಬೇರೆ ಯಾರದೋ ಸಮಸ್ಯೆ ಹೆಚ್ಚಾಗಿದೆ ಎಂದೆ. "ಮೊಬೈಲ್ ಕ್ಯಾಮೆರಾದಲ್ಲಿ ನೋಡಕ್ಕೇಳಿ ಭಾವ. ಕಣ್ಣಿಗೆ ಕಾಣ್ದಿದ್ದು ಅದಕ್ಕೆ ಕಾಣ್ತದೆ. ಮೊದ್ಲು ಟಿವಿ ರಿಮೋಟು ಒತ್ತಿ ನೋಡ್ಲಿ" ಎಂದ. ರಿಮೋಟಿನ ಮೂತಿಯನ್ನು ಕ್ಯಾಮೆರಾಕ್ಕೆ ತೋರಿಸಿ ಒತ್ತಿದೆ. ತುದಿಯಲ್ಲಿ ನೇರಳೆ ಬಣ್ಣದ ಮಣಿಯೊಂದು ಮಿನುಗಿತು. ಬಾರಿಗೆ ತೋರಿಸಿದೆ. ಕೆಂಪು ಅರಗಿನ ಚೆಂದದ ಪಟ್ಟಿ, ಅದರ ತುದಿಗಳಲ್ಲಿ ಶಿಸ್ತಾಗಿ ಕೂತ ಬಲ್ಬುಗಳು, ಒಂದರಲ್ಲೂ ಉಸಿರಿಲ್ಲ. ಅಡುಗೆಮನೆಯ ಬಾಗಿಲಿಗೆ ತಿರುಗಿಸಿದೆ. ಒಳಗೆ ಎರಡು ಹಿತ್ತಾಳೆ ದೀಪಗಳು ಕ್ಯಾಮೆರಾದಲ್ಲಿ ಕಣ್ಣು ಕೋರೈಸುವಂತೆ ಬೆಳಗುತ್ತಿದ್ದವು.

ಇಷ್ಟು ದಿನವೂ ಗನ್ನು ಗುರಿ ಹಿಡಿಯುತ್ತಿದ್ದುದು ನನ್ನ ಬಾರನ್ನು ನೋಡಿ ಅಲ್ಲ, ನಮ್ಮ ಅತ್ತೆಯ ದೀಪಗಳನ್ನು ನೋಡಿ. ಬಾರು ಯಾಕೆ ಸತ್ತಿದೆ ಎಂಬುದನ್ನೂ ಪುಟ್ಟರಾಜು ಅದೇ ಫೋನಿನಲ್ಲಿ ಹೇಳಿದ: "ಎಲ್‌ಇಡಿ ಉಲ್ಟಾ ಹಾಕ್ಬುಟ್ಟಿರ್ತಾರೆ. ಉದ್ದ ಕಾಲು ಪ್ಲಸ್ಸು, ಗಿಡ್ಡ ಕಾಲು ಮೈನಸ್ಸು. ಅದಕ್ಕೇ ಕಂಪ್ನಿಯೋರು ಒಂದು ಉದ್ದ ಒಂದು ಗಿಡ್ಡ ಮಾಡಿರೋದು. ಅದು ಚಿಕ್ ಮಕ್ಳಿಗೂ ಗೊತ್ತಾಯ್ತದಲ್ಲ." ಹೌದು, ಗೊತ್ತಾಗಬೇಕಿತ್ತು ಎಂದೆ. ಜೀವಮಾನವೆಲ್ಲ ಕಂಡದ್ದನ್ನು ನಂಬದೆ ತಳಕ್ಕೆ ಕೈ ಹಾಕಿದವನು, ಕಾಣದ ಬೆಳಕೊಂದನ್ನು ಮಾತ್ರ ಕಣ್ಣು ಮುಚ್ಚಿಕೊಂಡು ನಂಬಿದ್ದೆ. ಸರಿಮಾಡೋಣವೆಂದರೆ ಕಾಲುಗಳೆಲ್ಲ ಒಂದೇ ಅಳತೆ. ಅಂಗಡಿ ಆಗಲೇ ಮುಚ್ಚಿರುತ್ತದೆ, ಭಾನುವಾರ ತೆಗೆಯುವುದಿಲ್ಲ.

ಭಾನುವಾರ ಹನ್ನೊಂದರ ಹೊತ್ತಿಗೆ ಪುಟ್ಟರಾಜುವಿನ ಬೈಕು ಬೀದಿಯಲ್ಲಿ ಸದ್ದು ಮಾಡಿತು. ನಾನು ಅಡುಗೆಮನೆಗೆ ಹೋಗಿ, ಅವರೆಕಾಯಿ ಸುಲಿಯುತ್ತಿದ್ದ ಜಯಳ ಮುಂದೆ ನಿಂತು, "ದೇವ್ರನ್ನ ವಾಪಸ್ ಹಾಲಿಗೆ ಮಡಗ್ತೀಯಾ? ದೀಪಾನೂ ಒಸಿ ಹಚ್ಚಿಬುಡು" ಎಂದೆ.

"ಈ ಹೊತ್ನಲ್ಲಾ?"

"ಯಾಕೋ ಮನ್ಸಿಗೆ ಬಂತು."

"ಸ್ನಾನ ಆಗೈತಾ?"

ಆಗಿರಲಿಲ್ಲ. ನಾನು ಎರಡು ಚೊಂಬು ತಣ್ಣೀರು ಸುರಿದುಕೊಂಡು ಬರುವಷ್ಟರಲ್ಲಿ ಪಟ ಸ್ವಸ್ಥಾನದಲ್ಲಿತ್ತು, ದೀಪಗಳು ಉರಿಯುತ್ತಿದ್ದವು, ಪುಟ್ಟರಾಜು ಶೂ ಬಿಚ್ಚುತ್ತ, "ಏನಕ್ಕಾ, ಹಬ್ಬನಾ?" ಎಂದು ಕೇಳುತ್ತಿದ್ದ. "ನಿಮ್ಮ ಭಾವಂಗೆ ಭಕ್ತಿ ಬಂದೈತೆ" ಎಂದು ಜಯ ಅವರೆಕಾಯಿಯ ಬುಟ್ಟಿ ತಂದು ಸೋಫಾದ ಮೇಲೆ ಕೂತಳು. ಫ್ಯಾನನ್ನು ನಾನು ಆರಿಸಿದೆ. ಸೆಕೆ ಎಂದ ಪುಟ್ಟರಾಜುವಿಗೆ ಅಭ್ಯಾಸವಾಗುತ್ತದೆ ಎಂದೆ. ಆಟ ಶುರುವಾಯಿತು. ನನ್ನ ಚುಕ್ಕೆ ಬಾಣದಂತೆ ಹೋಯಿತು. ಬಾಟಲಿಗಳು ಸಾಲುಸಾಲಾಗಿ ಉರುಳಿದವು. ದೇವರಲ್ಲಿ ಅಷ್ಟೊಂದು ಪ್ರಾರ್ಥನೆಯನ್ನು ನಾನು ಯಾವ ಹಬ್ಬದಲ್ಲೂ ಮಾಡಿರಲಿಲ್ಲ.

"ಒಪ್ಕಂಡೆ ಭಾವ. ಗನ್ನು ನಿಮ್ದೇ" ಎಂದು ಪುಟ್ಟರಾಜು ಬೆವರು ಒರೆಸಿಕೊಂಡ. ನಾನು ಉಸಿರು ಬಿಡುವ ಮೊದಲೇ ಜೇಬಿನಿಂದ ಮೊಬೈಲು ತೆಗೆದ. "ಬಾರ್ ಮಸ್ತಾಗೈತೆ. ಒಂದು ಫೋಟೊ ಹೊಡ್ಕೊಂಡು ಕನಕಪುರದವ್ನಿಗೆ ಕಳುಸ್ತೀನಿ." ಕ್ಯಾಮೆರಾ ಟಿವಿಯ ಕಡೆ ಏರತೊಡಗಿತು. ಸತ್ತ ಬಾರು, ಉರಿಯುವ ದೀಪ, ಎರಡೂ ಒಂದೇ ಚಿತ್ರದಲ್ಲಿ ಅವನ ಕಣ್ಣಿಗೆ ಬೀಳಲು ಒಂದು ಗೇಣು ಉಳಿದಿತ್ತು.

"ಲೇ, ಮಡುಗ್ಲಾ ಅದ್ನ" ಎಂದಳು ಜಯ ಅವರೆಕಾಯಿಯಿಂದ ಕಣ್ಣೆತ್ತದೆ. "ದೀಪ ಉರಿಯೋವಾಗ ದೇವ್ರ ಪಟದ ಫೋಟೊ ತೆಗೀಬಾರ್ದು ಅಂತ ಅವ್ವ ಹೇಳಿರ್ಲಿಲ್ವಾ?"

"ಯಾವಾಗಕ್ಕಾ ಹೇಳಿದ್ದು?"

"ನೀನು ಯಾವತ್ತು ಕಿವಿಗೆ ಹಾಕ್ಕಂಡಿದ್ದೆ? ಎದ್ದು ಕೈ ತೊಳ್ಕೊ, ಊಟಕ್ಕಾಗೈತೆ."

ಪುಟ್ಟರಾಜು ಮೊಬೈಲು ಜೇಬಿಗೆ ಇಳಿಸಿದ. ಅವನು ಉಂಡು ಮಾಗಡಿಗೆ ಹೊರಟ ಮೇಲೆ ನಾನು ಮೆಲ್ಲಗೆ ಕೇಳಿದೆ, ನಿನಗೆ ಯಾವಾಗ ಗೊತ್ತಾಯಿತು ಎಂದು. "ನೆನ್ನೆ ನೀವು ಅಡುಗೆಮನೆ ಬಾಗ್ಲಲ್ಲಿ ನಿಂತು ದೀಪಕ್ಕೆ ಮೊಬೈಲ್ ಹಿಡಿದು ಬಾಯಿ ಕಳ್ಕಂಡಿದ್ರಲ್ಲ, ಆಗ್ಲೇ" ಎಂದಳು. ಹಾಗಾದರೆ ನನ್ನನ್ನು ಯಾಕೆ ಉಳಿಸಿದೆ ಎಂದೆ. "ಗನ್ನು ಹೋದ್ರೆ ಸಾಯಂಕಾಲಾನೂ ಬಂದು ನನ್ ಬೇಳೆ ಡಬ್ಬಿ, ಕಾಫಿಪುಡಿ ಡಬ್ಬಿ ತಳ ನೋಡ್ತಾ ಕೂತ್ಕತೀರಿ. ಇದೇ ವಾಸಿ."

ಹೊಸ ಎಲ್‌ಇಡಿ ತಂದು, ಉದ್ದ ಕಾಲು ಗಿಡ್ಡ ಕಾಲು ನೋಡಿಕೊಂಡು ಬಾರನ್ನು ಸರಿಮಾಡಬಹುದು. ಮಾಡಿಲ್ಲ. ದೀಪ ಹಚ್ಚುವ ಹೊತ್ತಿಗೆ ಸ್ನಾನ ಮಾಡಿ ಬರುತ್ತೇನೆ. ನನ್ನ ಭಕ್ತಿಯ ಸುದ್ದಿ ಪಕ್ಕದ ಮನೆಯವರೆಗೂ ಹೋಗಿದೆ, ಕೇಳದೆಯೇ ಹೂವು ಕಳಿಸುತ್ತಾರೆ. ಇತ್ತೀಚೆಗೆ ಜಯಳೂ ಎರಡನೆಯ ಗನ್ನು ಹಿಡಿದು ನನ್ನ ಪಕ್ಕ ನಿಲ್ಲುತ್ತಾಳೆ. ದಿನವೂ ಗೆಲ್ಲುತ್ತಾಳೆ. ಇದು ಹೇಗೆಂದು ಬಹಳ ಯೋಚಿಸಿದೆ. ಎರಡು ಗನ್ನಿಗೂ ಕಾಣುವುದು ಅವೇ ಎರಡು ದೀಪ, ಅದರಲ್ಲಿ ಪಕ್ಷಪಾತಕ್ಕೆ ಎಡೆಯಿಲ್ಲವೆಂದು ನನಗೂ ಗೊತ್ತು. ಆದರೂ ನಿನ್ನೆ ಅವಳು ಕಾಫಿ ತರಲು ಒಳಗೆ ಹೋದಾಗ, ಸ್ಟೂಲು ಹತ್ತಿ, ನಾನು ನಿಲ್ಲುವ ಕಡೆಯ ದೀಪಕ್ಕೆ ಎಣ್ಣೆ ಕಡಿಮೆ ಹಾಕಿದ್ದಾಳೋ ಹೇಗೆಂದು ಇಣುಕಿ ನೋಡಿದೆ. ಎರಡರಲ್ಲೂ ಸಮನಾಗಿತ್ತು. ಅಷ್ಟು ಸರಿಸಮನಾಗಿರುವುದನ್ನು ಕಂಡ ಮೇಲೆ ನನ್ನ ಅನುಮಾನ ಇನ್ನೂ ಬಲವಾಗಿದೆ.