ಬ್ಲಾಗು ಮನೆ ಬದಲಿಸಿದಾಗ ಜೊತೆಗೆ ಬಂದವರು

ಮನೆ ಬದಲಿಸುವುದರಲ್ಲಿ ನಾನು ಪಳಗಿದವನು ಎಂಬ ಹೆಮ್ಮೆ ನನಗಿತ್ತು. ಮಲೇಷಿಯಾಕ್ಕೆ ಬಂದ ಮೇಲೆ ಸುಬಾಂಗ್ ಜಯಾದಿಂದ ಪುಚೊಂಗಿಗೆ, ಪುಚೊಂಗಿನಲ್ಲೇ ಒಂದು ಕಾಂಡೊ ಅಪಾರ್ಟ್‌ಮೆಂಟಿನಿಂದ ಇನ್ನೊಂದಕ್ಕೆ ಗಂಟುಮೂಟೆ ಕಟ್ಟಿದ್ದೇನೆ. ಪ್ರತಿ ಸಲವೂ ಏನಾದರೊಂದು ಕಳೆದುಹೋಗುತ್ತದೆ: ಮಿಕ್ಸಿಯ ಮುಚ್ಚಳ, ಒಂದು ಕಾಲಿನ ಚಪ್ಪಲಿ, ಹೆಂಡತಿಯ ತಾಳ್ಮೆ. ಆದರೆ ಕಳೆದುಕೊಂಡದ್ದೇ ಎದ್ದು ಬೆನ್ನ ಹಿಂದೆ ಬಂದದ್ದು ಒಂದೇ ಒಂದು ಸಲ. ಅದೂ ಇಟ್ಟಿಗೆ ಸಿಮೆಂಟಿನ ಮನೆ ಬದಲಿಸುವಾಗಲ್ಲ, ಬ್ಲಾಗಿನ ಮನೆ ಬದಲಿಸುವಾಗ. ಬೇಸ್‌ಬಾಲ್ ಕಾರ್ಡುಗಳ ಬ್ಲಾಗು.

ನೀವು ನಗುತ್ತೀರಿ, ಗೊತ್ತು. ಬೇಸ್‌ಬಾಲ್ ಆಟವನ್ನು ನಾನು ಇಂದಿಗೂ ಪೂರ್ತಿಯಾಗಿ ನೋಡಿಲ್ಲ. ಇದಕ್ಕೆಲ್ಲ ಕಾರಣ ವಾಮನ ಉಪಾಧ್ಯರು. ಉಡುಪಿಯ ಕಡೆಯವರು, ನಾನು ಅಂಗರಚನಾಶಾಸ್ತ್ರ ಪಾಠ ಮಾಡುವ ಕಾಲೇಜಿನಲ್ಲೇ ಮೂಳೆ ವೈದ್ಯರು. ಊರಿಗೆ ಮರಳುತ್ತಿದ್ದ ಅಮೆರಿಕದ ಸಹೋದ್ಯೋಗಿಯೊಬ್ಬರು ಒಂದು ಪೆಟ್ಟಿಗೆ ತುಂಬ ಈ ಕಾರ್ಡುಗಳನ್ನು ಅವರ ಮೇಜಿನ ಮೇಲೆ ಬಿಟ್ಟುಹೋದರು. ಇಸ್ಪೀಟೆಲೆಯಂಥ ರಟ್ಟು, ಮುಂದೆ ಆಟಗಾರನ ಚಿತ್ರ, ಹಿಂದೆ ಅವನ ಸಾಧನೆಯ ಅಂಕಿಗಳು. ಉಪಾಧ್ಯರು ಚೆಂಡೆಸೆಯುವವರ ಭುಜ ನೋಡಿ, ಈ ಕೀಲು ಹೆಚ್ಚು ಕಾಲ ಬಾಳದು ಎಂದು ಜಾತಕ ಬರೆಯತೊಡಗಿದರು. ನಾನು ಆ ಆಟಗಾರರ ಮೀಸೆಗಳ ಬಗ್ಗೆ ಬರೆದೆ. ಹೀಗೆ ಬ್ಲಾಗು ಹುಟ್ಟಿತು. ಬರಹವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಅಜ್ಞಾನವನ್ನು ತಿದ್ದುವ ಸುಖಕ್ಕೇ ಅಮೆರಿಕದ ಕೆಲವರು ಅದನ್ನು ಓದುತ್ತಿದ್ದರು. ಪ್ರತಿ ಬರಹದ ಕೊನೆಗೆ ಮಾತ್ರ ಉಪಾಧ್ಯರು ‘ರಾಯರೇ’ ಎಂದು ನನ್ನನ್ನು ಕೆಣಕಲೆಂದೇ ಕನ್ನಡದಲ್ಲಿ ಎರಡು ಸಾಲು ಸೇರಿಸುತ್ತಿದ್ದರು. ಅಮೆರಿಕದವರು ಅದನ್ನು ಅಂಚಿನ ಬಳ್ಳಿಚಿತ್ತಾರ ಎಂದುಕೊಂಡು ಬಹಳ ಮೆಚ್ಚಿದ್ದರು.

ಕೊರೋನಾ ಬಂತು. ಉಪಾಧ್ಯರು ಆಸ್ಪತ್ರೆಗೆ ಹೋದವರು ಮರಳಲಿಲ್ಲ. ಬ್ರಿಕ್‌ಫೀಲ್ಡ್ಸಿನ ಅವರ ಮನೆ ನಮಗೆ ದೂರವೇನಲ್ಲ. ಆದರೆ ರಸ್ತೆಗಡ್ಡವಾಗಿ ಪೊಲೀಸರು ನಿಂತಿದ್ದ ಕಾಲ. ದಹನವನ್ನು ಫೋನಿನಲ್ಲಿ ನೋಡಿದೆ. ನಡುವೆ ಚಿತ್ರ ನಿಂತುಹೋಯಿತು. ಮುಗಿಯಿತೋ ಇಲ್ಲವೋ ಕಾಣಲಿಲ್ಲ. ಅದಕ್ಕೇ ಇರಬೇಕು, ಅವರು ಹೋದರೆಂಬುದನ್ನು ಮನಸ್ಸಿನ ಒಂದು ಮೂಲೆ ಒಪ್ಪಿರಲೇ ಇಲ್ಲ.

ಕೆಲವು ತಿಂಗಳ ಮೇಲೆ, ಬ್ಲಾಗಿಗೆ ಜಾಗ ಕೊಟ್ಟಿದ್ದ ಜಾಲತಾಣವೂ ಬಾಗಿಲು ಹಾಕುವುದಾಗಿ ತಿಳಿಸಿತು. ಎಲ್ಲವನ್ನೂ ಹೊಸ ತಾಣಕ್ಕೆ ಸಾಗಿಸಲು ಕೂತೆ. ಅದು ಪ್ರಶ್ನೆ ಕೇಳುತ್ತ ಹೋಯಿತು, ನಾನು ‘ಹೌದು’ ಒತ್ತುತ್ತ ಹೋದೆ. ಪ್ರಶ್ನೆಗೆ ಕಿವಿಗೊಡದೆ ಹೌದೆನ್ನುವುದು ಸಂಸಾರಸ್ಥನಿಗೆ ಕಷ್ಟದ ವಿದ್ಯೆಯಲ್ಲ.

ಮರುದಿನ ಮಧ್ಯಾಹ್ನ ಊಟ ಮುಗಿಸಿ ಕಿಟಕಿಯ ಬಳಿ ಕೂತಿದ್ದೆ. ಎದುರಿನ ಎತ್ತರದ ಹಳಿಯ ಮೇಲೆ ಎಲ್‌ಆರ್‌ಟಿ ರೈಲು ದೀಪ ಹೊತ್ತಿಸಿಕೊಂಡು ಬಂತು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನಿಲ್ದಾಣದಲ್ಲಿ ಬಾಗಿಲು ತೆರೆದು, ಯಾರನ್ನೋ ಹತ್ತಿಸಿಕೊಳ್ಳುವಂತೆ ಕಾದು, ಮುಚ್ಚಿಕೊಂಡು ಹೊರಟಿತು. ಕೆಳಗೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ಕುರ್ಚಿಗಳು ಮೇಜಿನ ಮೇಲೆ ಕಾಲು ಮೇಲೆ ಮಾಡಿ ಮಲಗಿದ್ದವು. ಸುಮ್ಮನೆ ಬ್ಲಾಗು ತೆರೆದೆ. ಹೊಸ ಬರಹವೊಂದಿತ್ತು. ತಾರೀಖು ಅಂದಿನದೇ. ಬರೆದವರು, ವಾಮನ ಉಪಾಧ್ಯ.

ನಾನು ಎಂದೂ ಓದಿರದ ಬರಹ, ಮೇಲೊಂದು ಕಾರ್ಡಿನ ಚಿತ್ರ. ಕೊನೆಗೆ ಕನ್ನಡದ ಸಾಲುಗಳು: ‘ರಾಯರೇ, ಊಟ ಆಯಿತಲ್ಲ? ಹೊರಗೆ ಮೋಡ ಕಪ್ಪಾಗಿದೆ ನೋಡಿ. ಹಿಂದೆ ನಿಂತವರನ್ನು ಗಮನಿಸಿದಿರಾ?’

ಹೊರಗೆ ನೋಡಿದೆ. ಮೋಡ ಕಪ್ಪಾಗಿತ್ತು. ಕತ್ತಿನ ಮೂಳೆಗಳ ಹೆಸರನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸುವ ನನಗೆ ಅವುಗಳಲ್ಲಿ ಒಂದನ್ನೂ ಅಲ್ಲಾಡಿಸಲಾಗಲಿಲ್ಲ. ಬೆನ್ನ ಹಿಂದೆ ಯಾರೋ ಉಸಿರಾಡುತ್ತಿದ್ದರು. ಹೇಗೋ ತಿರುಗಿದರೆ, ಮುಖವಿಲ್ಲದ ಬಿಳಿ ಆಕೃತಿ!

“ಏನ್ರೀ ಅದು, ಹೀಗೆ ಬೆವರ್ತಿದೀರಾ?” ಎಂದಿತು ಆಕೃತಿ. ಒದ್ದೆ ಬೆಡ್‌ಶೀಟನ್ನು ತಲೆಯ ಮೇಲೆ ಹೊತ್ತು, ಮಾಸ್ಕ್ ಕೂಡ ತೆಗೆಯದೆ ಕೆಳಗಿನ ಲಾಂಡ್ರಿಯಿಂದ ಬಂದಿದ್ದ ನನ್ನ ಹೆಂಡತಿ ಶಾಲಿನಿ.

ಅವಳು ಓದಿ ನೋಡಿದಳು. “ಅಲ್ಲಾರೀ, ಇದು ಕಾರ್ಡ್ ಬಗ್ಗೆ ಬರ್ದಿರೋದು. ಆಟಗಾರನ ಹಿಂದೆ ಮಸುಕಾಗಿ ಯಾರೋ ನಿಂತಿದಾರೆ, ಕಾಣಲ್ವಾ? ಮೋಡ ಅಂತೀರಾ, ಈ ಊರಲ್ಲಿ ಮಧ್ಯಾಹ್ನ ಮೋಡ ಇಲ್ಲದೇ ಇರೋದು ಯಾವತ್ತು?”

“ಸರಿ, ಇವತ್ತು ಇದನ್ನ ಹಾಕಿದ್ದು ಯಾರು?”

ಅವಳು ಬೆಡ್‌ಶೀಟನ್ನು ಅಲ್ಲೇ ಹಾಕಿ ನನಗೆ ಒತ್ತಿಕೊಂಡು ಕೂತಳು.

ಮರುದಿನ ಅದೇ ಹೊತ್ತಿಗೆ ಇನ್ನೊಂದು ಬಂತು. ಗಡ್ಡದ ಆಟಗಾರನೊಬ್ಬನ ಬಗ್ಗೆ. ‘ರಾಯರು ಇವತ್ತೂ ಕ್ಷೌರ ಮಾಡಿಕೊಂಡಿಲ್ಲ. ಬೇಕಾದರೆ ಕೆನ್ನೆ ಮುಟ್ಟಿ ನೋಡಿಕೊಳ್ಳಲಿ.’ ನನ್ನ ಕೈ ಆಗಲೇ ಕೆನ್ನೆಯ ಮೇಲಿತ್ತು. ಶಾಲಿನಿ ಲ್ಯಾಪ್‌ಟಾಪನ್ನು ಕಸಿದುಕೊಂಡು ಹೊಸ ತಾಣದ ಒಳಗನ್ನೆಲ್ಲ ಜಾಲಾಡಿದಳು. ‘ಪ್ರಕಟವಾಗದೆ ಉಳಿದ ಬರಹಗಳನ್ನು ದಿನಕ್ಕೊಂದರಂತೆ ಪ್ರಕಟಿಸಲೇ?’ ಎಂಬ ಪ್ರಶ್ನೆಗೆ ನಾನು ಹೌದೆಂದಿದ್ದೆ. ಉಪಾಧ್ಯರು ಬರೆದು ಹಳೆಯ ಮನೆಯ ಅಟ್ಟದಲ್ಲಿಟ್ಟದ್ದನ್ನೆಲ್ಲ ನಾನೇ ಕೆಳಗಿಳಿಸಿದ್ದೆ.

“ದೆವ್ವನ ನೀವೇ ಕರ್ದು ನೀವೇ ಹೆದರ್ಕೊಂಡ್ರಲ್ಲ!” ಎಂದಳು.

ನಾಚಿಕೆಯಿಂದ ಅದನ್ನು ನಿಲ್ಲಿಸಲು ಹೊರಟಾಗ ಫೋನು ಬಂತು. ಉಪಾಧ್ಯರ ಹೆಂಡತಿ ಗಿರಿಜಕ್ಕ. ಗಂಡ ಹೋದಮೇಲೆ ಅವರ ದನಿ ನಾನು ಕೇಳಿದ್ದೇ ಕಡಿಮೆ. “ರಾಯರೇ, ಇವರು ಬರೀತಾ ಇದ್ದಾರಲ್ಲ?” ಎಂದರು.

ತೊದಲುತ್ತ ತಾಣ, ಪ್ರಶ್ನೆ, ಹೌದು, ಎಲ್ಲವನ್ನೂ ವಿವರಿಸಿದೆ.

“ಬರೆದಿಟ್ಟದ್ದು ಅಂತ ನಂಗೆ ಗೊತ್ತುಂಟು ಮಾರಾಯ್ರೆ. ನಂಗೇನು ತಲೆ ಕೆಟ್ಟಿಲ್ಲ. ಆದ್ರೆ ಮಧ್ಯಾಹ್ನ ಕಾಫಿ ಮಾಡಿ ಕೂತ್ರೆ, ಇವತ್ತು ಎಂತ ಹೇಳ್ತಾರೆ ಅಂತ ಕಾಯ್ಲಿಕ್ಕೆ ಒಂದು ಆಯ್ತು. ನಿಲ್ಲಿಸ್ಬೇಡಿ.”

ನಿಲ್ಲಿಸಲಿಲ್ಲ. ಕಾರಣ ಗೊತ್ತಾದ ಮಾತ್ರಕ್ಕೆ ಭಯ ಹೋಗುತ್ತದೆ ಎಂದವರು ಯಾರೋ! ಊಟವಾಗುತ್ತಿದ್ದಂತೆ ದಿನವೂ ಮೈ ಜುಮ್ಮೆನ್ನುತ್ತಿತ್ತು. ಹೊರಗೆ ಕಾಲಿಡದ ಆ ದಿನಗಳಲ್ಲೂ ತಪ್ಪದೆ ಕ್ಷೌರ ಮಾಡಿಕೊಂಡೆ, ಇಸ್ತ್ರಿಯ ಶರಟು ಹಾಕಿಕೊಂಡು ಕೂತೆ. “ಬದುಕಿದ್ದಾಗ ಅವ್ರು ಮನೆಗೆ ಬಂದ್ರೂ ಲುಂಗೀಲೇ ಕೂತಿರ್ತಿದ್ರಿ” ಎಂದು ಶಾಲಿನಿ ಹಂಗಿಸಿದಳು. ಇನ್ನೆಷ್ಟು ಬರಹ ಉಳಿದಿವೆ ಎಂದು ನೋಡುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಒಂದು ದಿನ ಏನೂ ಬರಲಿಲ್ಲ. ಕಾಯುತ್ತ ಕೂತೆ. ಫೋನು ಬಂತು. “ಇವತ್ತು ಇಲ್ಲ ಅಲ್ವಾ?” ಎಂದರು ಗಿರಿಜಕ್ಕ. ಅವರ ದನಿ ಕೇಳಿ, “ತಾಣದ್ದೇನೋ ತೊಂದರೆ ಗಿರಿಜಕ್ಕ, ಸ್ವಲ್ಪ ಹೊತ್ತಿಗೆ ಬರುತ್ತೆ” ಎಂದುಬಿಟ್ಟೆ.

ಉಪಾಧ್ಯರು ಕೊಟ್ಟಿದ್ದ ಕಾರ್ಡೊಂದನ್ನು ಎದುರಿಗಿಟ್ಟುಕೊಂಡು, ಭುಜದ ಕೀಲಿನ ಬಗ್ಗೆ ಅವರದೇ ಧಾಟಿಯಲ್ಲಿ ಬರೆದೆ. ಕೊನೆಗೆ ಎರಡು ಸಾಲು ಕನ್ನಡ. ಕೆಳಗೆ ಅವರ ಹೆಸರು ಹಾಕುವಾಗ ಹೆಗಲ ಮೇಲಿಂದ ಯಾರೋ ಬಗ್ಗಿ ಓದುತ್ತಿರುವಂತೆನಿಸಿತು. ಶಾಲಿನಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ತಿರುಗಿ ನೋಡದೆ ಪ್ರಕಟಿಸಿದೆ.

ಫೋನು ಬಂತು. ಅತ್ತ ಕಡೆ ಗಿರಿಜಕ್ಕ ನಗತೊಡಗಿದರು. ಎಷ್ಟೋ ತಿಂಗಳ ಮೇಲೆ ಕೇಳಿದ ನಗು.

“ಇದು ನೀವು ಬರ್ದದ್ದಲ್ವಾ?”

“ಹೇಗೆ ಗೊತ್ತಾಯ್ತು? ಭುಜದ ವಿಷಯ ತಪ್ಪಾಯ್ತಾ?”

“ಭುಜ ನಂಗೆಂತ ಗೊತ್ತು? ಕೊನೇಲಿ ‘ರಾಯರಂಥ ಜಾಣರು ಅಪರೂಪ’ ಅಂತ ಹಾಕಿದ್ದೀರಲ್ಲ. ಅವರಿಗೆ ನಿಮ್ಮ ಮೇಲೆ ಅಷ್ಟು ಒಳ್ಳೆ ಅಭಿಪ್ರಾಯ ಇರ್ಲಿಲ್ಲ ಮಾರಾಯ್ರೆ.”