ಬೇಳೆ ಬಿಟ್ಟು ಏಳಬಾರದು

ಖಾನಾವಳಿ ನಡೆಸುವವಳು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಎರಡು ಹೊತ್ತು ಬಾಗಿಲು ತೆರೆದಿಟ್ಟರೆ ಅವೇ ಬಂದು ಪಂಕ್ತಿಯಲ್ಲಿ ಕೂಡುತ್ತವೆ. ನನ್ನ ಪಾಲಿಗೆ ಬಂದವು ಸ್ವಲ್ಪ ಹೊಗೆ ಹಿಡಿದವು. ನಗುತ್ತಲೇ ಕಣ್ಣು ಒರೆಸಿಕೊಳ್ಳಬೇಕಾಗುತ್ತದೆ, ಒಲೆಯ ನೆಪ ಹೇಳಬಹುದು ಎನ್ನುವುದೊಂದೇ ಅನುಕೂಲ.

೧. ಜೀರಿಗೆ ಪೊಟ್ಟಣ

ನನ್ನ ಖಾನಾವಳಿ ಧಾರವಾಡದ ಸಪ್ತಾಪುರದಲ್ಲಿ. ಗಂಡ ತೀರಿಕೊಂಡ ವರ್ಷವೇ ಶುರು ಮಾಡಿದೆ. ಅಣ್ಣನ ಮನೆಗೆ ಬಂದುಬಿಡು ಎಂದು ತವರಿನವರು ಅಂದರು. ಹೋಗಲಿಲ್ಲ. ಉಣ್ಣುವವರು ಹದಿನೆಂಟು ಮಂದಿ. ಹೆಚ್ಚಿನವರು ಕಾಲೇಜಿಗೆ ಹೋಗುವವರು, ಒಬ್ಬ ಕಚೇರಿಯ ಕಾರಕೂನ, ಒಬ್ಬರು ವಯಸ್ಸಾದ ಸಾಲಿ ಮಾಸ್ತರು.

ನಾನು ಸಾಲಿಗೆ ಹೋದವಳಲ್ಲ. ಅಡಿಗೆಮನೆಯ ಡಬ್ಬಿಗಳ ಮೇಲೆ ಗಂಡ ಸಾಮಾನಿನ ಹೆಸರು ಬರೆದಿಟ್ಟಿದ್ದರು. ಒಳಗೇನಿದೆ ಅನ್ನುವುದು ನನಗೆ ಗೊತ್ತೇ ಇತ್ತು, ಅದಕ್ಕೆ ಮೇಲಿನ ಅಕ್ಷರ ಹೊಂದಿಸಿ ಹೊಂದಿಸಿ ಕಲಿತೆ. ಆಮೇಲೆ ಕಿರಾಣಿ ಅಂಗಡಿಯಿಂದ ಪೊಟ್ಟಣ ಕಟ್ಟಿಕೊಂಡು ಬಂದ ಕಾಗದಗಳನ್ನು ಓದಿದೆ. ಹೀಗಾಗಿ ನನಗೆ ಎಷ್ಟೋ ಸುದ್ದಿಗಳ ನಡು ಗೊತ್ತು, ಕೊನೆ ಗೊತ್ತಿಲ್ಲ. ಒಮ್ಮೆ ಜೀರಿಗೆ ಪೊಟ್ಟಣದಲ್ಲಿ ಒಂದು ಕೊಲೆಯ ಸುದ್ದಿ ಬಂತು. ಕೊಂದವನು ಸಿಕ್ಕನೋ ಇಲ್ಲವೋ ನೋಡೋಣವೆಂದು ಬೇಡದಿದ್ದರೂ ಎರಡು ಸಲ ಜೀರಿಗೆ ತರಿಸಿದೆ. ಅವನು ಸಿಗಲಿಲ್ಲ, ಜೀರಿಗೆ ಮಾತ್ರ ವರ್ಷಪೂರ್ತಿ ಆಯಿತು.

ನಾನು ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ಪುಸ್ತಕ ಊಟದ ಮೇಲಿನದು. ಮಿಶನ್ ದವಾಖಾನೆಯ ಡಾಕ್ಟರಬಾಯಿ ಕೊಟ್ಟದ್ದು. ಜೋಳ, ಅಕ್ಕಿ ದುಡಿಯುವ ಶಕ್ತಿ ಕೊಡುತ್ತವೆ. ಕಾಳು, ಬೇಳೆ, ಹಾಲು, ಮೊಸರಿನಲ್ಲಿ ಪ್ರೋಟೀನು ಅಂತ ಒಂದು ಅಂಶ ಇದೆ, ಅದು ಮೈ ಕಟ್ಟುತ್ತದೆ. ಮೆಂತೆ, ಪಾಲಕದಂಥ ತಪ್ಪಲುಪಲ್ಯ, ಹಣ್ಣು ಮೈ ಕಾಯುತ್ತವೆ. ಮೂರೂ ದಿನಾ ತಾಟಿನಲ್ಲಿ ಇರಬೇಕು. ಇಷ್ಟೇ ಅದರ ಸಾರ. ಕೊನೆಯ ಪುಟದಲ್ಲಿ ಒಂದು ಮಾತಿತ್ತು. ಮೊಲೆ ಬಿಡಿಸಿದ ಕೂಸಿಗೆ ಬರೀ ಗಂಜಿ ಹಾಕಿದರೆ ಕೈಕಾಲು ಬಾತುಕೊಳ್ಳುತ್ತವೆ, ನೋಡಿದವರು ಮೈ ತುಂಬಿದೆ ಅಂದುಕೊಳ್ಳುತ್ತಾರೆ.

ನನ್ನ ಮಗಳು ಎರಡೂವರೆ ವರ್ಷದವಳಿದ್ದಾಗ ಹಾಗೆಯೇ ಹೋದಳು. ಕೂಸು ಗುಂಡಗಾಗೇದ ಅಂತ ಓಣಿಯವರೆಲ್ಲ ಅಂದಿದ್ದರು. ನಾನು ದೃಷ್ಟಿ ತೆಗೆದಿದ್ದೆ. ಪುಸ್ತಕ ನನ್ನ ಕೈಗೆ ಬಂದದ್ದು ಒಂಬತ್ತು ವರ್ಷ ತಡವಾಗಿ.

ಅವತ್ತೇ ಇದ್ದಿಲಿನಿಂದ ಗೋಡೆಯ ಮೇಲೆ ಬರೆದೆ: “ಕಾಳು, ಬೇಳೆ ಬಿಟ್ಟು ಏಳಬಾರದು. ಬಿಟ್ಟವರಿಗೆ ಮರುದಿನ ರೊಟ್ಟಿ ಇಲ್ಲ.”

ಕಾರಕೂನ ಓದಿ, “ಅಕ್ಕಾರ, ಇದು ಖಾನಾವಳಿನೋ ಸಾಲಿನೋ?” ಅಂದ.

“ಸಾಲ್ಯಾಗ ನಿಮಗ ಯಾರರೆ ಬಿಸಿ ರೊಟ್ಟಿ ಹಾಕಿದ್ರೇನ್ರಿ ರಾಯರ?”

“ಇಲ್ಲ ರೀ. ಬರೀ ಹೊಡತ ಹಾಕಿದ್ರು.”

“ಹಂಗಾರ ಸುಮ್ಮನ ಉಣ್ರಿ.”

೨. ಕಿಟಕಿ

ನೆನೆಸಿ ಮೊಳಕೆ ಬರಿಸಿದ ಕಾಳು ಇನ್ನೂ ಒಳ್ಳೆಯದೆಂದು ಪುಸ್ತಕದಲ್ಲಿತ್ತು. ಆ ವಾರ ಮಡಿಕೆಕಾಳು, ಮುಂದಿನ ವಾರ ಹೆಸರು, ಅದರ ಮುಂದಿನ ವಾರ ಅಲಸಂದಿ. ಮೂರನೆಯ ವಾರ ಕಾರಕೂನ ತಾಟಿನ ಮುಂದೆ ತಲೆ ತಗ್ಗಿಸಿ ಕೂತ.

“ಅಕ್ಕಾರ, ಕಾಳು ಸ್ವಲ್ಪ ಕಡಿಮಿ ಮಾಡ್ರಿ. ನಿನ್ನೆ ಕಚೇರಿಯೊಳಗ ಸಾಹೇಬರು ಕಿಟಕಿ ತೆಗೀರಿ ಅಂದ್ರು.”

“ತೆಗೀರಿ ಅಂದ್ರ ತೆಗೀಬೇಕಪ.”

“ಎಲ್ಲಾ ಕಿಟಕಿ ತೆಗೆದಿದ್ವು ರೀ. ಅದಾದ ಮ್ಯಾಲೆ ನನ್ನ ಮೇಜು ವರಾಂಡಾಕ್ಕ ಹಾಕಿಸ್ಯಾರ.”

ಮರುದಿನದಿಂದ ಒಗ್ಗರಣೆಗೆ ಇಂಗು, ಅಜವಾನ ಹೆಚ್ಚಿಗೆ ಹಾಕಿದೆ. ಆದರೂ ಮಳೆಗಾಲ ಮುಗಿಯುವವರೆಗೆ ಅವನ ಮೇಜು ಒಳಗೆ ಬರಲಿಲ್ಲ.

೩. ಉಪವಾಸದ ಭಕ್ತಿ

ಮಾಸ್ತರರದು ಉಪವಾಸದ ಜೀವ. ಸೋಮವಾರ, ಶನಿವಾರ, ಏಕಾದಶಿ, ಸಂಕಷ್ಟಿ. ಹೆಂಡತಿ ಹೋದ ಮೇಲೆ ಅವರಿಗೆ ಉಳಿದ ಬಳಗ ದೇವರೊಬ್ಬರೇ. ಆ ದಿನ ಅವರಿಗೆ ರೊಟ್ಟಿ ಇಲ್ಲ, ಬೇಳೆ ಇಲ್ಲ, ಫರಾಳ ಮಾತ್ರ. ಒಂದು ಬಟ್ಟಲು ಹುರಿದ ಶೇಂಗಾ, ಒಂದು ತಂಬಿಗೆ ಹಾಲು, ಮೊಸರು, ಎರಡು ಬಾಳೆಹಣ್ಣು.

ಮುದುಕರು ಸೊರಗುತ್ತಾರೆ ಅಂತ ನನಗೆ ಚಿಂತೆ. ಒಂದು ಶನಿವಾರ ಪುಸ್ತಕ ಮುಂದಿಟ್ಟುಕೊಂಡು ಅವರ ಫರಾಳವನ್ನು ನಮ್ಮ ಊಟದ ಜೊತೆ ಹೋಲಿಸಿ ನೋಡಿದೆ. ಮೈ ಕಟ್ಟುವ ಅಂಶ ಉಪವಾಸದ ತಾಟಿನಲ್ಲಿಯೇ ಹೆಚ್ಚು ಇತ್ತು.

“ಮಾಸ್ತರ, ನೀವು ಉಪವಾಸ ಮಾಡಿದ ದಿನ ಎಲ್ಲಾರಕಿಂತ ಛಲೋ ಉಂಡಿರ್ತೀರಿ.”

ಮಾಸ್ತರು ಬಹಳ ನೊಂದುಕೊಂಡರು. “ಹಂಗಂದ್ರ ಇಷ್ಟು ವರ್ಷದ ಪುಣ್ಯ, ಅಕ್ಕಾರ?”

ನಾನು ಅವರ ಬಟ್ಟಲಿಗೆ ಇನ್ನಷ್ಟು ಶೇಂಗಾ ಹಾಕಿದೆ. ಬದಿಗೆ ಕೂತ ಕಾರಕೂನ ತನ್ನ ರೊಟ್ಟಿಯನ್ನೂ ಅವರ ಶೇಂಗಾವನ್ನೂ ನೋಡಿ, “ಸೋಮವಾರದಿಂದ ನನಗೂ ದೇವರ ಮ್ಯಾಲೆ ಭಕ್ತಿ ಬರ್ತದ ರೀ” ಅಂದ.

೪. ಕಾರಕೂನನ ರೊಟ್ಟಿ

ಒಮ್ಮೆ ನನಗೆ ಜ್ವರ ಬಂದು ಎರಡು ದಿನ ಮಲಗಿದೆ. ಒಲೆ ಆರಬಾರದು ಎಂದು ಕಾರಕೂನ ತಾನೇ ರೊಟ್ಟಿ ಬಡಿಯಲು ಕೂತ. ಒಂದು ತಾಸಿನ ನಂತರ ಐದು ರೊಟ್ಟಿ ಆದವು. ಅದರಲ್ಲೊಂದನ್ನು ಬಾಗಿಲ ನಾಯಿಗೆ ಹಾಕಿದರು. ಅದು ಮೂಸಿತು, ಬಾಯಲ್ಲಿ ಕಚ್ಚಿಕೊಂಡು ಹೋಗಿ ಹಿತ್ತಲಲ್ಲಿ ಕುಣಿ ತೋಡಿ ಹೂಳಿತು. ಉಳಿದ ನಾಲ್ಕನ್ನು ಮಾಸ್ತರು ಹಾಲಿನಲ್ಲಿ ನೆನೆಸಿಟ್ಟರು. ಬೆಳಗಿಗೂ ಅವು ನೆನೆದಿರಲಿಲ್ಲ.

೫. ಮೈ ತುಂಬಿಕೊಂಡ ಕಥೆ

ಯುದ್ಧದ ಕಾಲ ಬಂತು. ರೇಶನ್ ಅಂಗಡಿಯಲ್ಲಿ ಯಾವ ದೇಶದ್ದೋ ಕೆಂಪು ಜೋಳ. ತೊಗರಿಬೇಳೆ ಕಾಣುವುದೇ ಅಪರೂಪ. ಹಾಲಿನವಳು ಎಮ್ಮೆ ಮಾರಿಬಿಟ್ಟಳು. ಆದರೂ ಗೋಡೆಯ ಮೇಲಿನ ಮಾತು ಅಳಿಸಲಿಲ್ಲ. ಇದ್ದಷ್ಟು ಕಾಳಿನಲ್ಲಿ ಹದಿನೆಂಟು ಮಂದಿಗೂ ಒಂದೊಂದು ಸೌಟು ಬರುವ ಹಾಗೆ ನೋಡಿಕೊಂಡೆ.

ಬಡಿಸುವವಳು ಕೊನೆಗೆ ಉಣ್ಣುವುದು ನಮ್ಮ ರೂಢಿ. ನನ್ನ ಪಾಳಿ ಬರುವ ಹೊತ್ತಿಗೆ ಬೇಳೆಯ ಗಡಿಗೆ ತಳ ಕಂಡಿರುತ್ತಿತ್ತು. ಅದಕ್ಕೆ ಬಿಸಿನೀರು ಹಾಕಿ ಗಲಬರಿಸಿ ಅದರ ಜೊತೆ ಒಂದು ರೊಟ್ಟಿ ತಿನ್ನುತ್ತಿದ್ದೆ. ವರ್ಷದ ಮೇಲಾಯಿತು. ನನ್ನ ತಾಟಿನಲ್ಲಿ ಕಾಳಿಲ್ಲ ಎನ್ನುವುದು ಆಗ ಮನಸ್ಸಿಗೆ ಬರಲೂ ಇಲ್ಲ.

ಒಂದು ದಿನ ಕಾರಕೂನ, “ಅಕ್ಕಾರ, ಪುಸ್ತಕ ಖರೇ ಅದ ನೋಡ್ರಿ. ಊರೆಲ್ಲಾ ಸೊರಗೇದ, ನೀವೊಬ್ಬರು ಮೈ ತುಂಬಿಕೊಂಡೀರಿ” ಅಂದ. ಹೌದು, ಬಳೆ ಬಿಗಿಯಾಗಿದ್ದವು. ನನಗೆ ಸೊಕ್ಕೇ ಬಂತು. ಓಣಿಯ ಹೆಂಗಸರನ್ನೆಲ್ಲ ನಿಲ್ಲಿಸಿ ಕಾಳಿನ ಮಹಿಮೆ ಹೇಳಿದೆ. ನನ್ನ ಗುಂಡು ಮುಖ ನೋಡಿ ಅವರೂ ನಂಬಿದರು.

ಆ ರಾತ್ರಿ ಕಾಲು ಒತ್ತಿಕೊಳ್ಳುವಾಗ ಹೆಬ್ಬೆರಳು ಊರಿದ ಕಡೆ ಕುಣಿ ಬಿತ್ತು. ಬೆರಳು ತೆಗೆದರೂ ಕುಣಿ ತುಂಬಲಿಲ್ಲ. ಅಂಥ ಕುಣಿಯನ್ನು ನಾನು ಇನ್ನೊಂದು ಸಣ್ಣ ಕಾಲಿನ ಮೇಲೆ ನೋಡಿದ್ದೆ.

ಡಾಕ್ಟರಬಾಯಿ ಕಾಲು ನೋಡಿ, “ಏನ್ ಊಟ ಮಾಡ್ತೀರಿ?” ಅಂದರು.

ನಾನು ಪುಸ್ತಕದ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಾಯಿಪಾಠ ಒಪ್ಪಿಸಿದೆ. ಅವರು ತಡೆಯದೆ ಕೇಳಿದರು.

“ಅದು ನಾನಽ ಕೊಟ್ಟ ಪುಸ್ತಕ. ನಿನ್ನೆ ನೀವು ಏನ್ ತಿಂದ್ರಿ, ಅದನ್ನ ಹೇಳ್ರಿ.”

“ಒಂದು ರೊಟ್ಟಿ. ಗಡಿಗಿ ತೊಳದ ನೀರು.”

“ಮೊನ್ನೆ?”

“ಅದಽ ರೀ.”

ಡಾಕ್ಟರಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು. “ಅಡಿಗಿ ಮಾಡಾಕಿಗೆ ಬೇಕಾಗಿಲ್ಲ ಅಂತ ಯಾವ ಪುಟದಾಗ ಐತಿ? ನನಗ ಕಂಡಿಲ್ಲ.” ಆಮೇಲೆ ದನಿ ತಗ್ಗಿಸಿ ಅಂದರು, “ಇವತ್ತಿಂದ ದಿನಾ ಎರಡು ಹೊತ್ತು ಒಂದು ಬಟ್ಟಲ ಕಾಳು ತಿನ್ರಿ. ಹೀಂಗಽ ನಡಸಿದ್ರ ಬರೂ ಯುಗಾದಿ ನೀವು ನೋಡೂದಿಲ್ಲ.”

೬. ಹದಿನೆಂಟು ಮಂದಿಯ ಉಪವಾಸ

ಯಾರಿಗೂ ಹೇಳಲಿಲ್ಲ. ಮೊದಲ ದಿನ ಒಂದು ಬಟ್ಟಲು ಕಾಳಿನ ಉಸಳಿ ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಕಾಲೇಜಿನವನೊಬ್ಬ ಇನ್ನೊಂದು ಸೌಟು ಕೇಳಿದ. ಹಾಕಿದೆ. ಮರುದಿನದ ಬಟ್ಟಲು ಮಾಸ್ತರರಿಗೆ ಹೋಯಿತು. ಮೂರನೆಯ ದಿನ ಯಾರೂ ಕೇಳಲಿಲ್ಲ, ನಾನೇ ಹೋಗಿ, “ಯಾರಿಗರೆ ಬೇಕೇನ್ರಿ?” ಅಂದೆ. ಸಾಯುವ ಭಯ ಇತ್ತು. ಉಣ್ಣುವವರಿಗೆ ಹಾಕದೆ ನನಗೆಂದು ತೆಗೆದಿಟ್ಟು ತಿನ್ನುವುದು ಮಾತ್ರ ಈ ಕೈಗೆ ಗೊತ್ತಿರಲಿಲ್ಲ.

ಮತ್ತೆ ಬರ್ರಿ ಅಂದ ದಿನ ದವಾಖಾನೆಗೆ ಹೋಗಲಿಲ್ಲವೆಂದು ಡಾಕ್ಟರಬಾಯಿಯೇ ಟಾಂಗಾದಲ್ಲಿ ಬಂದರು. ಊಟದ ಹೊತ್ತು. ನನ್ನ ಕಾಲು ನೋಡಿದರು, ಗೋಡೆ ನೋಡಿದರು, ಸಾಲಾಗಿ ಕೂತವರಿಗೆ ಎಲ್ಲವನ್ನೂ ಹೇಳಿ ಹೊರಟುಹೋದರು. ಅವತ್ತು ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಬಡಿಸಿ ಮುಗಿಸಿದೆ. ಯಾರೂ ತಾಟಿಗೆ ಕೈ ಹಾಕಲಿಲ್ಲ.

“ಯಾಕ, ಬ್ಯಾಳಿ ಹಳಸೇತೇನು?”

ಮಾಸ್ತರು ಅಂದರು, “ಇವತ್ತು ನಂದು ಉಪವಾಸ.”

“ಇವತ್ತು ಬುಧವಾರ ರೀ.”

“ನಂದೂ ಉಪವಾಸ” ಅಂದ ಕಾರಕೂನ. ಸಾಲಿನ ಆ ತುದಿಯವರೆಗೆ ಎಲ್ಲರೂ ಅದನ್ನೇ ಅಂದರು.

“ಯಾವ ದೇವರದಪಾ ಇದು?”

“ದೇವರು ಯಾವುದರೆ ಇರಲಿ” ಅಂದರು ಮಾಸ್ತರು. “ನೀವು ಮೊದಲು ಉಂಡ್ರ ನಾವು ಉಪವಾಸ ಬಿಡ್ತೀವಿ.”

ಸಿಟ್ಟು ನೆತ್ತಿಗೇರಿತು. ಒಲೆ ಆರಿಸುತ್ತೇನೆ, ಎಲ್ಲರೂ ನಡೀರಿ ಅಂದೆ. ಯಾರೂ ಅಲುಗಲಿಲ್ಲ. ರೊಟ್ಟಿ ಆರುತ್ತಿದ್ದವು. ಹಿಟ್ಟು ಸಿಗದ ಕಾಲದಲ್ಲಿ ಹದಿನೆಂಟು ತಾಟಿನ ಅನ್ನ ಕೆಡಿಸುವ ಧೈರ್ಯ ನನಗಿರಲಿಲ್ಲ. ನನ್ನದೇ ಖಾನಾವಳಿಯ ಪಂಕ್ತಿಯಲ್ಲಿ ಮೊದಲ ಸಲ ಕೂತೆ. ಮಾಸ್ತರು ಎದ್ದು ಬಡಿಸಿದರು.

ಅರ್ಧ ಬಟ್ಟಲು ಉಸಳಿ ಇಳಿಯಿತು. ಆಮೇಲೆ ಮಗಳ ಆ ಸಣ್ಣ ಕಾಲು ಕಣ್ಣ ಮುಂದೆ ಬಂತು. ಸಾಕು ಅಂತ ಎದ್ದೆ.

ಕಾರಕೂನ ಗೋಡೆಗೆ ಬೆರಳು ತೋರಿಸಿ, ಮಕ್ಕಳಿಗೆ ಕಲಿಸುವ ಹಾಗೆ ಒಂದೊಂದೇ ಅಕ್ಷರ ಓದಿದ. “ಕಾಳು, ಬೇಳೆ ಬಿಟ್ಟು ಏಳಬಾರದು. ಬಿಟ್ಟವರಿಗೆ ಮರುದಿನ ರೊಟ್ಟಿ ಇಲ್ಲ.”

“ನಾಳಿ ರೊಟ್ಟಿ ಬಡಿಯಾಕಿ ನಾನಽ ಅಲ್ಲೇನ್ರಿ? ನನಗ ಯಾರು ಇಲ್ಲ ಅನ್ನೋರು?”

“ಬಿಟ್ಟು ಎದ್ರ ನಾಳಿಂದ ನೀವು ಒಲಿ ಮುಂದ ಕೂಡೂ ಹಂಗಿಲ್ಲ” ಅಂದ ಕಾರಕೂನ, ಅಂಗಿಯ ತೋಳು ಮಡಿಸುತ್ತಾ. “ರೊಟ್ಟಿ ನಾನು ಬಡೀತೀನಿ.”

ಹದಿನೇಳು ಮಂದಿ ಒಟ್ಟಿಗೆ ನನ್ನ ಕಡೆ ತಿರುಗಿ ಕೈ ಮುಗಿದರು. ಬಾಗಿಲಲ್ಲಿದ್ದ ನಾಯಿ ಎದ್ದು ಹಿತ್ತಲ ಕಡೆ ನಡೆಯಿತು. ನಾನು ಕೂತು ಬಟ್ಟಲು ಬರಿದು ಮಾಡಿದೆ.