ನನ್ನ ಕೆನ್ನೆಯ ಪರಿಶುದ್ಧ ಜೀವಕೋಶ

ದೊಡ್ಡ ಗಣಪತಿಯ ಆಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಪ್ಪತ್ತರ ದಶಕದಲ್ಲಿ ಚಾಮರಾಜಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ನನ್ನಂಥವನು ಆ ಪೇಟೆಯಲ್ಲಿ ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಆದರೂ ಏಳು ವರ್ಷ ಟೆಂಪರರಿ. ಏಪ್ರಿಲ್‌ನಲ್ಲಿ ಮನೆಗೆ ಕಳಿಸುತ್ತಿದ್ದರು, ಜೂನ್‌ನಲ್ಲಿ ಕರೆಯುತ್ತಿದ್ದರು. ಪರ್ಮನೆಂಟ್ ಆಗುವ ತನಕ ಮಗಳನ್ನು ಕೊಡುವುದಿಲ್ಲ ಅಂತ ಮಲ್ಲೇಶ್ವರದ ಭಾವೀ ಮಾವ ಪಟ್ಟು ಹಿಡಿದು ಕೂತಿದ್ದರು. ಮನುಷ್ಯನ ದೇಹ ಕಲಿಸಲು ಹೊರಟವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ.

ಮೂಳೆ

ಲ್ಯಾಬಿನ ಬೀರುವಿನಲ್ಲಿ ಒಂದು ಅಸ್ಥಿಪಂಜರ ಇತ್ತು. ನಿಜವಾದದ್ದು. ಮೈಲಿಗೆ ಅಂತ ನಾವು ಮೇಷ್ಟ್ರುಗಳು ಯಾರೂ ಮುಟ್ಟುತ್ತಿರಲಿಲ್ಲ. ಎತ್ತಿ ತರುವುದು, ಧೂಳು ಒರೆಸುವುದು ಎಲ್ಲ ಲ್ಯಾಬ್ ಅಟೆಂಡರ್ ಕೆಲಸ. ಅವರು ನನಗಿಂತ ಹದಿನೈದು ವರ್ಷ ಹಿರಿಯರು. ಹೆಣದ ಮೂಳೆ ಅವರು ಮುಟ್ಟಬಹುದಿತ್ತು, ಸ್ಟಾಫ್ ರೂಮಿನ ನೀರಿನ ಹೂಜಿ ಮುಟ್ಟುವಂತಿರಲಿಲ್ಲ. ಅವರ ಲೋಟ ಕಿಟಕಿಯಾಚೆ ಇರುತ್ತಿತ್ತು, ಯಾರಾದರೂ ಮೇಲಿಂದ ಹುಯ್ಯಬೇಕು.

ಪರೀಕ್ಷೆಯಲ್ಲಿ ಮನುಷ್ಯನಿಗೆ ಎಷ್ಟು ಮೂಳೆ ಅಂತ ಕೇಳಿದ್ದೆ. ಒಬ್ಬ ಹುಡುಗ ನೂರಾ ಎಪ್ಪತ್ತೊಂಬತ್ತು ಅಂತ ಬರೆದ. ಸೊನ್ನೆ ಹಾಕಿದೆ. ಜಗಳಕ್ಕೇ ಬಂದ.

"ಎಣಿಸಿದೀನಿ ಸಾರ್. ನೀವು ಎಣಿಸಿದೀರಾ?"

ನಾನು ಎಣಿಸಿರಲಿಲ್ಲ. ಅಟೆಂಡರ್‌ಗೆ ಎಣಿಸಲು ಹೇಳಿದೆ. ಬಲಗೈ ಪಂಜವೇ ಇಲ್ಲ, ಇಪ್ಪತ್ತೇಳು ಮೂಳೆ ಖೋತಾ. ಏಳು ವರ್ಷ ಅದರ ಪಕ್ಕದಲ್ಲೇ ನಿಂತು ಇನ್ನೂರಾರು ಅಂತ ಗಂಟಲು ಹರಿದುಕೊಂಡಿದ್ದೆ. ಹುಡುಗನಿಗೆ ಪೂರ್ತಿ ಅಂಕ ಕೊಟ್ಟೆ.

ಹೃದಯ

"ಹೃದಯ ಕಲಿಸಿ, ಆದರೆ ಹೃದಯ ಅಂತ ಯಾವುದೂ ನಮ್ಮ ಗೇಟಿನೊಳಗೆ ಬರಕೂಡದು," ಅಂದರು ಹೆಡ್ ಮೇಷ್ಟ್ರು. ಕುರಿಯದ್ದು ತರಿಸಿಬಿಡುತ್ತೇನೆ ಅಂತ ಅವರಿಗೆ ಭಯ.

ಸರಿ, ಅದರ ಬದಲಿಗೆ ಕೊಯ್ದು ತೋರಿಸೋಣ ಅಂತ ಗಾಂಧಿಬಜಾರಿಗೆ ಹೋಗಿ ದಪ್ಪ ಮೆಣಸಿನಕಾಯಿಯ ರಾಶಿ ತಿರುವಿ ಹಾಕುತ್ತಾ ಕೂತೆ.

"ಏನ್ ಸಾಮಿ ಹುಡುಕ್ತಿದೀರಾ?" ಅಂದಳು ಮಾರುವವಳು.

"ನಾಲ್ಕು ಕೋಣೆಯದು ಬೇಕಮ್ಮ."

"ಪಲ್ಯಕ್ಕೆ ಮೂರಾದ್ರೇನು, ನಾಲ್ಕಾದ್ರೇನು?"

"ಮೂರಿದ್ದರೆ ಅದು ಕಪ್ಪೆಯದು."

ಕೈಲಿದ್ದ ಕಾಯಿಯನ್ನು ಅವಳು ಮೆಲ್ಲಗೆ ಕೆಳಗಿಟ್ಟಳು.

ಪಾಠ ಅಮೋಘವಾಗಿ ನಡೆಯಿತು. ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮ ಇಡೀ ಕ್ಲಾಸು ಹೃದಯದ ಚಿತ್ರ ಬರೆದು, ಮೇಲೊಂದು ಹಸಿರು ತೊಟ್ಟು ಇಟ್ಟು ಬಂತು.

ಕೆನ್ನೆ

ಕೊನೆಗೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳೇ ನನ್ನ ಪಾಠ ನೋಡಲು ಬರುತ್ತಾರೆ ಅಂತಾಯಿತು. ಅವರು ಮೆಚ್ಚಿದರೆ ಪರ್ಮನೆಂಟ್, ಇಲ್ಲದಿದ್ದರೆ ಜೂನ್‌ನಲ್ಲೂ ಕರೆ ಬರುವುದಿಲ್ಲ. ಕೆನ್ನೆಯ ಒಳಗೋಡೆ ಕೆರೆದು, ನೀಲಿ ಬಣ್ಣ ಹಾಕಿ ಜೀವಕೋಶ ತೋರಿಸೋಣ ಅಂದುಕೊಂಡೆ. ಹಾಳು ಎಲೆಅಡಿಕೆ ಚಟ. ನನ್ನ ಸ್ಲೈಡಿನಲ್ಲಿ ಜೀವಕೋಶ ಒಂದೂ ಕಾಣದು, ಬರೀ ಅಡಿಕೆ ನಾರು. ಅವರ ಕಾರು ಗೇಟಿನ ಹತ್ತಿರ ಬಂದೇಬಿಟ್ಟಿತು.

"ನಂದು ತಗೊಳ್ಳಿ ಸಾರ್," ಅಂತ ಅಟೆಂಡರ್ ಬಾಯಿ ತೆರೆದರು. ಬೆಂಕಿಕಡ್ಡಿಯ ಹಿಂತುದಿಯಲ್ಲಿ ಕೆರೆದೆ.

ಕಾರ್ಯದರ್ಶಿಗಳು ಶಲ್ಯ ಸರಿಮಾಡಿಕೊಂಡು ಮೈಕ್ರೋಸ್ಕೋಪಿಗೆ ಬಗ್ಗಿದರು. ಎಷ್ಟು ಹೊತ್ತಾದರೂ ಏಳಲೊಲ್ಲರು.

"ಆಹಾ, ಎಷ್ಟು ಲಕ್ಷಣವಾಗಿದೆ. ಈರುಳ್ಳಿ ಬೆಳ್ಳುಳ್ಳಿ ಸೋಕದ ಕೆನ್ನೆ ಅಂದರೆ ಹೀಗಿರುತ್ತೆ. ಮನೆತನ ಎಲ್ಲಿ ಹೋಗುತ್ತೆ? ನಿಮ್ಮದೇ ತಾನೇ?"

ನಾನು ಎದೆ ಸೆಟೆಸಿ ಅಂದೆ: "ಅಲ್ಲ ಸಾರ್, ನಮ್ಮ ಅಟೆಂಡರದ್ದು. ಕಿಟಕಿಯಾಚೆ ಲೋಟ ಇದೆಯಲ್ಲ, ಅದೂ ಅವರದ್ದೇ."

ಕಾರ್ಯದರ್ಶಿಗಳು ಸೀದಾ ನಲ್ಲಿಗೆ ಓಡಿ, ನೋಡಿದ ಕಣ್ಣನ್ನು ಮೂರು ಸಲ ತೊಳೆದುಕೊಂಡರು.

ಇಷ್ಟೆಲ್ಲದರಲ್ಲಿ ಒಂದೇ ಒಂದು ಸಣ್ಣ ವಿವರ ನನ್ನ ಸೇರ್ಪಡೆ. "ಅಲ್ಲ ಸಾರ್" ಅಂತ ನಾನು ಅನ್ನಲಿಲ್ಲ, "ಹೌದು ಸಾರ್" ಅಂದೆ. ಹಾಗಾಗಿ ಯಾರೂ ಕಣ್ಣು ತೊಳೆಯಲೂ ಇಲ್ಲ. ಮುಂದಿನ ತಿಂಗಳು ಪರ್ಮನೆಂಟ್ ಆದೆ, ಮದುವೆಯೂ ಆಯಿತು.

ಆವತ್ತು ಕಾರು ಹೋದ ಮೇಲೆ ಅಟೆಂಡರ್ ಸ್ಲೈಡು ತೊಳೆದು ಒರೆಸಿಟ್ಟರು. "ನಿಮ್ಮ ಕೆನ್ನೆ ಭಾಳ ಶುದ್ಧ ಅಂತೆ ಸಾರ್," ಅಂದರು. ಆಮೇಲೆ ಕಿಟಕಿಯಾಚೆಯ ಲೋಟ ತಗೊಂಡು, ನಾನು ನೀರು ಹುಯ್ಯಲಿ ಅಂತ ಕಾಯುತ್ತಾ ನಿಂತರು.